ಮೇಳದಲ್ಲಿ ಜನ ತುಂಬಿದಾರೆ, ಸ್ಟೇಜ್ ಮುಂದೆ ಕುರ್ಚಿ ಖಾಲಿ, ಏನ್ಮಾಡೋದು?

ಪ್ರಶ್ನೆ: ನಮ್ಮ ಬಡಾವಣೆಯವರೆಲ್ಲ ಸೇರಿ ವರ್ಷಕ್ಕೊಂದ್ಸಲ ಎರಡು ದಿನದ ಸಮುದಾಯ ಮೇಳ ಮಾಡ್ತೀವಿ. ಮಳಿಗೆಗಳಿಗೆ ಜನ ಚೆನ್ನಾಗೇ ಬರ್ತಾರೆ. ಆದ್ರೆ ಮೈದಾನದ ಕೊನೇಲಿ ಹಾಕೋ ದೊಡ್ಡ ಸ್ಟೇಜ್ ಮುಂದೆ ಮುನ್ನೂರು ಕುರ್ಚಿ ಹಾಕಿದ್ರೆ ಮೂವತ್ತು ಜನ ಕೂತಿರಲ್ಲ. ಕಳೆದ ಸಲ ಒಳ್ಳೇ ಬ್ಯಾಂಡನ್ನೇ ಕರೆಸಿದ್ವಿ, ಆದ್ರೂ ಅದೇ ಕಥೆ, ಪಾಪ ಅವರು ಬೇಜಾರು ಮಾಡ್ಕೊಂಡು ಹೋದ್ರು. ಈ ಸಲ ಸೌಂಡ್ ಇನ್ನೂ ಜೋರು ಮಾಡೋಣ, ಇನ್ನೂ ಹೆಸರಿರೋ ತಂಡ ಕರೆಸೋಣ ಅಂತ ಕಮಿಟಿಯಲ್ಲಿ ಕೆಲವರು ಹೇಳ್ತಿದಾರೆ. ಬಜೆಟ್ ಮಾತ್ರ ಅಷ್ಟೇ ಇದೆ. ಏನು ಮಾಡಿದ್ರೆ ಜನ ನಿಂತು ನೋಡ್ತಾರೆ?

ಉತ್ತರ: ಮೊದಲೇ ಒಂದು ಮಾತು ಹೇಳಿಬಿಡ್ತೀನಿ, ಆ ಬ್ಯಾಂಡಿನವರದ್ದು ತಪ್ಪಿಲ್ಲ, ನಿಮ್ಮ ಜನರದ್ದೂ ತಪ್ಪಿಲ್ಲ. ಹಾಲ್ ಒಳಗೆ ಬಂದು ಕೂತವರು ಪ್ರೇಕ್ಷಕರು, ಅವರು ನೋಡೋಕೆ ಅಂತಾನೇ ಮನೆ ಬಿಟ್ಟು ಹೊರಟವರು. ಮೇಳಕ್ಕೆ ಬಂದವರು ಹಾಗಲ್ಲ, ಅವರು ನಡೀತಿರೋರು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಚೀಲ, ಕಣ್ಣು ಮುಂದಿನ ಮಳಿಗೆ ಮೇಲೆ, ಜೊತೆಗೆ ಬಂದವರು ಎಲ್ಲಿ ತಪ್ಪಿಸ್ಕೊಂಡ್ರು ಅಂತ ಹುಡುಕ್ತಾ ಇರೋ ಮನಸ್ಸು, ಅಂಥವರಿಗೆ ನೂರು ಮೀಟರ್ ಆಚೆ ಒಂದು ಸ್ಟೇಜ್ ಇದೆ, ಅಲ್ಲಿ ಹೋಗಿ ಒಂದೂವರೆ ಗಂಟೆ ಕೂರಬೇಕು ಅಂದ್ರೆ ಯಾರು ಕೂರ್ತಾರೆ ಹೇಳಿ. ಕೂರಿಸೋದಕ್ಕೆ ಮುಂಚೆ ನಿಲ್ಲಿಸ್ಬೇಕು, ನಿಲ್ಲಿಸೋದಕ್ಕೆ ಮುಂಚೆ ಅವರ ಕಾಲು ಸ್ವಲ್ಪ ನಿಧಾನ ಆಗ್ಬೇಕು. ನಾನು ಮೇಳಗಳಲ್ಲಿ ಕಾರ್ಯಕ್ರಮ ಮಾಡಿಸೋ ಈ ಕೆಲಸದಲ್ಲಿ ಇಷ್ಟು ವರ್ಷ ಇದ್ದು ಕಂಡ್ಕೊಂಡಿರೋದು ಮುಖ್ಯವಾಗಿ ಇದೊಂದನ್ನೇ, ಕಾರ್ಯಕ್ರಮನ ನಡೀತಿರೋ ಮನುಷ್ಯನಿಗೋಸ್ಕರ ಕಟ್ಟಬೇಕು, ಕೂತಿರೋ ಮನುಷ್ಯನಿಗೋಸ್ಕರ ಅಲ್ಲ. ಜಾಗ, ಸೌಂಡ್, ಟೈಮು, ಮಾತು ಎಲ್ಲಾನೂ ಇದರಿಂದಾನೇ ಹುಟ್ಕೊಳ್ಳುತ್ತೆ.

ಹೆಸರಿರೋ ತಂಡ ಕರೆಸೋಣ ಅನ್ನೋರಿಗೆ ಒಂದು ನಿಜವಾದ ಘಟನೆ ಹೇಳಿ. 2007ರ ಜನವರಿ 12ರಂದು ವಾಷಿಂಗ್ಟನ್ನಿನ ಒಂದು ಮೆಟ್ರೋ ಸ್ಟೇಷನ್ನಿನಲ್ಲಿ ಜೋಶುವಾ ಬೆಲ್ ಅನ್ನೋ ಪಿಟೀಲು ವಾದಕರು ಟೋಪಿ ಹಾಕ್ಕೊಂಡು ಬೀದಿ ಕಲಾವಿದರ ಥರ ನಿಂತು ನುಡಿಸಿದ್ರು. ಪ್ರಪಂಚದ ದೊಡ್ಡ ದೊಡ್ಡ ಸಭಾಂಗಣಗಳನ್ನ ತುಂಬಿಸೋ ಕಲಾವಿದ, ಕೈಯಲ್ಲಿದ್ದಿದ್ದು 1713ರಲ್ಲಿ ಮಾಡಿದ ಸ್ಟ್ರಾಡಿವೇರಿಯಸ್ ಅನ್ನೋ ಬಹಳ ಬೆಲೆಬಾಳೋ ಪಿಟೀಲು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಮಾಡಿಸಿದ ಪ್ರಯೋಗ ಅದು. 43 ನಿಮಿಷ ನುಡಿಸಿದ್ರು, 1,097 ಜನ ಮುಂದೆ ಹಾದು ಹೋದ್ರು, ಒಂದು ನಿಮಿಷವಾದ್ರೂ ನಿಂತವರು 7 ಜನ. ಗುಂಪು ಅನ್ನೋದು ಒಂದು ಸಲಾನೂ ಕಟ್ಟಲಿಲ್ಲ. ಇನ್ನೊಂದು ವಿಷ್ಯ ನನಗೆ ಇದಕ್ಕಿಂತ ಮುಖ್ಯ ಅನ್ಸುತ್ತೆ, ಅಲ್ಲಿ ಹಾದು ಹೋದ ಮಕ್ಕಳೆಲ್ಲ ನಿಂತು ನೋಡೋಕೆ ಪ್ರಯತ್ನಪಟ್ರು, ದೊಡ್ಡವರು ಪ್ರತಿ ಸಲಾನೂ ಎಳ್ಕೊಂಡು ಹೋದ್ರು. ಅಂದ್ರೆ ಕಲೆಯ ಗುಣಮಟ್ಟ ಒಂದೇ ಸಾಕಾಗಲ್ಲ, ನಿಲ್ಲೋಕೆ ಜನರಿಗೆ ಒಂದು ಅನುಮತಿ ಬೇಕು, ಇಲ್ಲಿ ನಿಂತ್ರೆ ಪರವಾಗಿಲ್ಲ, ಬೇರೆಯವರೂ ನಿಂತಿದಾರೆ ಅನ್ನೋ ಧೈರ್ಯ ಬೇಕು.

ಆ ಧೈರ್ಯ ಎಲ್ಲಿಂದ ಬರುತ್ತೆ ಅಂದ್ರೆ ಇನ್ನೊಬ್ಬರಿಂದ. ಸ್ಟ್ಯಾನ್ಲಿ ಮಿಲ್ಗ್ರಾಮ್ ಅನ್ನೋ ಮನಃಶಾಸ್ತ್ರಜ್ಞರು 1969ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ, ನ್ಯೂಯಾರ್ಕಿನ ಫುಟ್‌ಪಾತ್ ಮೇಲೆ ತಮ್ಮ ಕಡೆಯವರನ್ನ ನಿಲ್ಲಿಸಿ ಎದುರಿನ ಕಟ್ಟಡದ ಆರನೇ ಮಹಡಿ ಕಿಟಕಿ ನೋಡ್ತಾ ಇರಿ ಅಂದ್ರು. ಒಬ್ಬನೇ ನಿಂತು ನೋಡ್ದಾಗ ದಾರಿಹೋಕರಲ್ಲಿ ಶೇಕಡ 4 ಜನ ಮಾತ್ರ ನಿಂತ್ರು, ಹದಿನೈದು ಜನ ನಿಂತಾಗ ಶೇಕಡ 40 ಜನ ನಿಂತ್ರು. ಕಿಟಕಿಯಲ್ಲಿ ವಿಶೇಷ ಏನೂ ನಡೀತಿರಲಿಲ್ಲ ಅನ್ನೋದು ನೆನಪಿರ್ಲಿ. ಹಾಗಾದ್ರೆ ನಿಮ್ಮ ಇಡೀ ಸಮಸ್ಯೆ ಮುನ್ನೂರು ಕುರ್ಚಿ ತುಂಬಿಸೋದು ಅಲ್ಲವೇ ಅಲ್ಲ, ಮೊದಲ ಹದಿನೈದು ಜನರನ್ನ ನಿಲ್ಲಿಸೋದು ಅಷ್ಟೇ. ಅಲ್ಲಿಂದ ಮುಂದೆ ಗುಂಪೇ ಗುಂಪನ್ನ ಕರೆಯುತ್ತೆ.

ಬೀದಿ ಕಲಾವಿದರು ಇದನ್ನ ಹೇಗೆ ಮಾಡ್ತಾರೆ ಅಂತ ಗಮನಿಸಿ, ಅವರಿಗಿಂತ ದೊಡ್ಡ ಗುರುಗಳು ಈ ವಿಷ್ಯದಲ್ಲಿ ಯಾರೂ ಇಲ್ಲ, ಯಾಕಂದ್ರೆ ಗುಂಪು ಕಟ್ಟದಿದ್ರೆ ಅವತ್ತು ಅವರಿಗೆ ಸಂಪಾದನೆ ಇಲ್ಲ. ಅವರು ಮೈಕ್ ಹಿಡ್ಕೊಂಡು ಇನ್ನು ಹತ್ತು ನಿಮಿಷದಲ್ಲಿ ಕಾರ್ಯಕ್ರಮ ಶುರುವಾಗುತ್ತೆ, ದಯವಿಟ್ಟು ಎಲ್ಲರೂ ಬನ್ನಿ ಬನ್ನಿ ಅನ್ನಲ್ಲ. ಸುಮ್ಮನೆ ಪೆಟ್ಟಿಗೆ ತೆಗೀತಾರೆ, ನೆಲದ ಮೇಲೆ ಹಗ್ಗದಲ್ಲೋ ಸೀಮೆಸುಣ್ಣದಲ್ಲೋ ಒಂದು ಗೆರೆ ಎಳೀತಾರೆ, ಚೆಂಡು ಹಾರಿಸಿ ಅಭ್ಯಾಸ ಮಾಡ್ತಾರೆ, ಒಂದನ್ನ ಬೇಕು ಅಂತಾನೇ ಬೀಳಿಸ್ತಾರೆ. ಏನೋ ಶುರುವಾಗ್ತಿದೆ ಅಂತ ಅನ್ಸೋದು ಶುರುವಾಗಿದೆ ಅನ್ನೋದಕ್ಕಿಂತ ಜಾಸ್ತಿ ಎಳೆಯುತ್ತೆ. ನಿಂತ ಮೊದಲ ನಾಲ್ಕು ಜನರಿಗೆ ನೇರವಾಗಿ ಮಾತಾಡಿಸ್ತಾರೆ, ಈ ಗೆರೆ ತನಕ ಬನ್ನಿ ಅಂತ ಹತ್ತಿರ ಕರೀತಾರೆ, ಮಕ್ಕಳನ್ನ ಮುಂದೆ ನೆಲದ ಮೇಲೆ ಕೂರಿಸ್ತಾರೆ. ಮಗು ಕೂತ ಮೇಲೆ ಅಪ್ಪ ಅಮ್ಮ ಎಲ್ಲಿ ಹೋಗ್ತಾರೆ, ಅವರೂ ನಿಂತ್ರು, ಅಲ್ಲಿಗೆ ಎರಡನೇ ಸಾಲು ಆಯ್ತು. ಆ ಗೆರೆಗೆ ಬಹಳ ಶಕ್ತಿ ಇದೆ. ಗೆರೆ ಇಲ್ಲದಿದ್ರೆ ಜನ ಹತ್ತು ಮೀಟರ್ ದೂರದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ನಿಲ್ತಾರೆ, ಹಾಗೆ ಚದುರಿ ನಿಂತವರು ನಗೋದೂ ಇಲ್ಲ, ಚಪ್ಪಾಳೆ ಹೊಡೆಯೋದೂ ಇಲ್ಲ, ಪಕ್ಕದವರ ಭುಜ ತಾಗೋಷ್ಟು ಹತ್ತಿರ ಇದ್ದಾಗಲೇ ನಗು ಒಬ್ಬರಿಂದೊಬ್ಬರಿಗೆ ಹರಡೋದು.

ಆಕಾರದ ಬಗ್ಗೇನೂ ಯೋಚ್ನೆ ಮಾಡಿ. ಫಿಲಿಪ್ ಆಸ್ಟ್ಲಿ ಅನ್ನೋ ಮಾಜಿ ಸೈನಿಕ 1768ರಲ್ಲಿ ಲಂಡನ್ನಿನಲ್ಲಿ ಕುದುರೆ ಸವಾರಿ ಪ್ರದರ್ಶನ ಶುರು ಮಾಡಿದ್ದು ವೃತ್ತಾಕಾರದ ಅಂಗಳದಲ್ಲಿ, ಇವತ್ತಿನ ಸರ್ಕಸ್ ರಿಂಗ್ ಹುಟ್ಟಿದ್ದು ಹಾಗೆ, ಕೊನೆಗೆ ನೆಲೆ ನಿಂತ ಅಳತೆ 42 ಅಡಿ ಅಂದ್ರೆ ಸುಮಾರು 13 ಮೀಟರ್. ವೃತ್ತದಲ್ಲಿ ಓಡೋ ಕುದುರೆ ಮೇಲೆ ನಿಂತು ಬ್ಯಾಲೆನ್ಸ್ ಮಾಡೋದು ಸುಲಭ ಅನ್ನೋದು ಒಂದು ಕಾರಣ, ಆದ್ರೆ ನಮಗೆ ಬೇಕಾಗಿರೋದು ಇನ್ನೊಂದು ಲಾಭ. ಸುತ್ತ ನಿಂತ ಜನರಿಗೆ ಆಟ ಕಾಣುತ್ತೆ, ಎದುರು ನಿಂತವರ ಮುಖಾನೂ ಕಾಣುತ್ತೆ. ಎದುರಿನ ಮಗು ಬಾಯಿ ಬಿಟ್ಕೊಂಡು ನೋಡೋದನ್ನ ನೋಡೋದೇ ಅರ್ಧ ಖುಷಿ. ನಿಮ್ಮ ಸ್ಟೇಜ್ ಮುಂದೆ ಸಾಲಾಗಿ ಹಾಕಿದ ಕುರ್ಚಿಯಲ್ಲಿ ಕೂತವನಿಗೆ ಕಾಣೋದು ಮುಂದಿನವನ ತಲೆ ಹಿಂಭಾಗ. ಜಗ್ಲಿಂಗ್, ಮ್ಯಾಜಿಕ್, ಬೊಂಬೆಯಾಟ, ಸಣ್ಣ ತಾಳವಾದ್ಯ ತಂಡ ಇವಕ್ಕೆಲ್ಲ ಸ್ಟೇಜೇ ಬೇಡ, ನೆಲದ ಮೇಲೆ ಅರ್ಧಚಂದ್ರಾಕಾರದಲ್ಲಿ ಜನ, ಕಲಾವಿದರ ಬೆನ್ನ ಹಿಂದೆ ಒಂದು ಗೋಡೆನೋ ಪರದೆನೋ, ಸಾಕು. ದೊಡ್ಡ ತಂಡಕ್ಕೆ ಸ್ಟೇಜ್ ಬೇಕೇ ಬೇಕು ಅಂದ್ರೆ ಜನ ನಿಂತು ನೋಡೋ ಹಾಗಿದ್ರೆ ಮೂರು ಅಡಿ ಎತ್ತರ ಸಾಕು, ಅದಕ್ಕಿಂತ ಏರಿಸ್ದಷ್ಟೂ ಕಲಾವಿದರು ಜನರಿಂದ ದೂರ ಆಗ್ತಾರೆ.

ಈಗ ಜಾಗ. ಮೈದಾನದ ಕೊನೇಲಿ ಯಾಕೆ ಹಾಕ್ತೀರಿ ಅಂತ ಕೇಳಿದ್ರೆ ಅಲ್ಲಿ ಜಾಗ ಖಾಲಿ ಇತ್ತು ಅಂತಾರೆ ಎಲ್ಲರೂ. ಖಾಲಿ ಯಾಕಿತ್ತು ಅಂದ್ರೆ ಅಲ್ಲಿಗೆ ಯಾರೂ ಹೋಗಲ್ಲ ಅದಕ್ಕೇ. ಮೇಳದ ಹಿಂದಿನ ದಿನ, ಸಾಧ್ಯ ಆದ್ರೆ ಕಳೆದ ವರ್ಷದ ಫೋಟೋ ನೋಡ್ಕೊಂಡು, ಜನ ಎಲ್ಲಿ ಸೇರ್ತಾರೆ, ಎಲ್ಲಿ ತಿರುಗ್ತಾರೆ, ಎಲ್ಲಿ ಒಬ್ಬರಿಗೊಬ್ಬರು ಕಾಯ್ತಾರೆ ಅಂತ ಗುರುತು ಹಾಕಿ. ಎರಡು ದಾರಿ ಕೂಡೋ ಜಾಗದ ಪಕ್ಕದಲ್ಲೇ ನಿಮ್ಮ ಆಟದ ಅಂಗಳ ಇರ್ಲಿ, ದಾರಿಯ ಮೇಲೇ ಬೇಡ, ಪಕ್ಕದಲ್ಲಿ. ನಿಂತು ನೋಡೋ ಜನರ ಹಿಂದೆ ಎರಡು ತಳ್ಳುಗಾಡಿ ಅಕ್ಕಪಕ್ಕ ಆರಾಮಾಗಿ ಹೋಗೋಷ್ಟು ದಾರಿ ಉಳೀಬೇಕು, ಇಲ್ಲಾಂದ್ರೆ ಹಿಂದಿನಿಂದ ತಳ್ಳೋರ ಕಾಟಕ್ಕೇ ಜನ ಜಾಗ ಖಾಲಿ ಮಾಡ್ತಾರೆ. ಇನ್ನೊಂದು ಎಲ್ಲರೂ ಮರೆಯೋ ವಿಷ್ಯ ಸೂರ್ಯ, ಸಂಜೆ ಶೋ ಆದ್ರೆ ಕಲಾವಿದರು ಪಶ್ಚಿಮ ದಿಕ್ಕಿನಲ್ಲಿ ನಿಂತಿರಬಾರದು, ನೋಡೋರ ಕಣ್ಣಿಗೆ ನೇರ ಬಿಸಿಲು ಹೊಡೆದ್ರೆ ಎಂಥ ಆಟ ಇದ್ರೂ ಎರಡು ನಿಮಿಷ ನಿಲ್ಲೋಕಾಗಲ್ಲ. ನೆರಳಿರೋ ಕಡೆ ನೋಡೋರು ಇರ್ಲಿ.

ಕುರ್ಚಿ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಡಕ್ಕಾಗೇ ಇದೆ, ಮುನ್ನೂರು ಹಾಕಲೇಬೇಡಿ. ಖಾಲಿ ಕುರ್ಚಿ ದೂರದಿಂದಾನೇ ಇಲ್ಲಿ ಏನೂ ಇಲ್ಲ ಅಂತ ಕೂಗಿ ಹೇಳುತ್ತೆ. ಮುನ್ನೂರು ಕುರ್ಚಿಯಲ್ಲಿ ಐವತ್ತು ಜನ ಕೂತ್ರೆ ಅದು ಸೋತ ಕಾರ್ಯಕ್ರಮ, ಅದೇ ಐವತ್ತು ಜನ ಒಂದು ಸಣ್ಣ ಅಂಗಳದ ಸುತ್ತ ಒತ್ತಾಗಿ ನಿಂತ್ರೆ ಅದು ತುಂಬಿದ ಕಾರ್ಯಕ್ರಮ, ಜನ ಅಷ್ಟೇ, ನೋಟ ಬೇರೆ. ಮುಂದೆ ಮಕ್ಕಳಿಗೆ ನಾಲ್ಕು ಜಮಖಾನ, ಎರಡೂ ಬದಿಯಲ್ಲಿ ವಯಸ್ಸಾದವರಿಗೆ, ಬಸುರಿಯರಿಗೆ, ಕಾಲು ನೋವಿರೋರಿಗೆ ಅಂತ ಮೂವತ್ತು ನಲವತ್ತು ಕುರ್ಚಿ, ಗಾಲಿಕುರ್ಚಿಯಲ್ಲಿ ಬರೋರಿಗೆ ಮುಂದಿನ ಸಾಲಿನಲ್ಲೇ ಸಮತಟ್ಟಾದ ಜಾಗ, ಉಳಿದವರು ನಿಲ್ಲಲಿ. ಇಪ್ಪತ್ತು ನಿಮಿಷದ ಆಟಕ್ಕೆ ನಿಲ್ಲೋದು ಯಾರಿಗೂ ಕಷ್ಟ ಆಗಲ್ಲ. ಉಳಿದ ಕುರ್ಚಿ ಮಡಚಿ ಹಿಂದೆ ಇಟ್ಟಿರಿ, ಜನ ಬಂದ ಹಾಗೆ ಹಾಕ್ತಾ ಹೋಗಿ.

ಸೌಂಡ್ ಜೋರು ಮಾಡೋಣ ಅನ್ನೋ ಸಲಹೆ ಇದೆಯಲ್ಲ, ಅದನ್ನ ದಯವಿಟ್ಟು ಕೈಬಿಡಿ. ಇದರ ಹಿಂದಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಸೌಂಡಿನವರ ಜೊತೆ ಮಾತಾಡೋವಾಗ ನಿಮಗೆ ಇದು ಬೇಕಾಗುತ್ತೆ. ತೆರೆದ ಬಯಲಲ್ಲಿ ಒಂದು ಸ್ಪೀಕರಿನಿಂದ ನಿಮ್ಮ ದೂರ ಎರಡರಷ್ಟು ಆದಾಗೆಲ್ಲ ಶಬ್ದ ಸುಮಾರು 6 ಡೆಸಿಬಲ್ ಕಮ್ಮಿ ಆಗುತ್ತೆ. ಎರಡು ಮೀಟರ್ ದೂರದಲ್ಲಿ 100 ಇದ್ರೆ ನಾಲ್ಕು ಮೀಟರಿಗೆ 94, ಎಂಟಕ್ಕೆ 88, ಹದಿನಾರಕ್ಕೆ 82, ಮೂವತ್ತೆರಡು ಮೀಟರಿಗೆ 76. ಅಂದ್ರೆ ಹಿಂದೆ ನಿಂತವರಿಗೆ ಚೆನ್ನಾಗಿ ಕೇಳಿಸ್ಲಿ ಅಂತ ಒಂದೇ ಜೋಡಿ ದೊಡ್ಡ ಸ್ಪೀಕರ್ ಇಟ್ಟು ಏರಿಸಿದ್ರೆ ಮುಂದೆ ಕೂತ ಮಕ್ಕಳ ಕಿವಿ ಕಿತ್ತೋಗೋಷ್ಟು ಆಗುತ್ತೆ, ಅಪ್ಪ ಅಮ್ಮ ಬಂದು ಮಕ್ಕಳನ್ನ ಎಬ್ಬಿಸ್ಕೊಂಡು ಹೋಗ್ತಾರೆ, ನಿಮ್ಮ ಮೊದಲ ಸಾಲೇ ಖಾಲಿ. ಪಕ್ಕದ ಮಳಿಗೆಯವರಿಗೆ ಗಿರಾಕಿ ಏನು ಕೇಳ್ತಿದಾರೆ ಅಂತಾನೇ ಕೇಳಿಸಲ್ಲ, ಅವರು ಬಂದು ನಿಮ್ಮ ಜೊತೆ ಜಗಳ ಆಡ್ತಾರೆ, ಆ ಜಗಳದಲ್ಲಿ ನ್ಯಾಯ ಅವರ ಕಡೆಗೇ ಇರುತ್ತೆ. ಮಾತುಕತೆಯ ಶಬ್ದ ಒಂದು ಮೀಟರ್ ದೂರಕ್ಕೆ ಸುಮಾರು 60 ಡೆಸಿಬಲ್ ಅಷ್ಟೇ, ಅದರ ಮೇಲೆ 85 ಸುರಿದ್ರೆ ಮನುಷ್ಯರು ಮಾತಾಡೋದನ್ನೇ ನಿಲ್ಲಿಸ್ತಾರೆ, ಮಾತೇ ಇಲ್ಲದ ಮೇಲೆ ಅದು ಮೇಳ ಹೇಗಾಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾನದಂಡದಲ್ಲಿ ಕಾರ್ಯಕ್ರಮಗಳಲ್ಲಿ 15 ನಿಮಿಷದ ಸರಾಸರಿ ಶಬ್ದ 100 ಡೆಸಿಬಲ್ ದಾಟಬಾರದು ಅಂತ ಇದೆ, ಅದು ಸಂಗೀತ ಕೇಳೋಕೆ ಅಂತಾನೇ ಬಂದವರಿಗೆ ಹಾಕಿದ ಗರಿಷ್ಠ ಮಿತಿ, ಮಕ್ಕಳಿರೋ ಮೇಳದಲ್ಲಿ ಅದರ ಹತ್ತಿರಕ್ಕೂ ಹೋಗೋದು ಬೇಡ.

ಪರಿಹಾರ ಏನಪ್ಪ ಅಂದ್ರೆ ಒಂದು ದೊಡ್ಡದರ ಬದಲು ನಾಲ್ಕು ಚಿಕ್ಕ ಸ್ಪೀಕರ್, ಜನರ ಹತ್ತಿರ, ಕಮ್ಮಿ ವಾಲ್ಯೂಮಿನಲ್ಲಿ, ಕೆಳಮುಖವಾಗಿ ತಿರುಗಿಸಿ. ಹಿಂದೆ ದೂರದಲ್ಲಿ ಇನ್ನೊಂದು ಜೋಡಿ ಇಡೋದಾದ್ರೆ ಅದಕ್ಕೆ ಡಿಲೇ ಹಾಕ್ಬೇಕು, ಅಂದ್ರೆ ಅದರಿಂದ ಶಬ್ದ ಸ್ವಲ್ಪ ತಡವಾಗಿ ಹೊರಡೋ ಹಾಗೆ ಮಾಡ್ಬೇಕು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ, 40 ಮೀಟರ್ ದಾಟೋಕೆ ಹೆಚ್ಚುಕಮ್ಮಿ 117 ಮಿಲಿಸೆಕೆಂಡ್ ಬೇಕು, ವೈರಲ್ಲಿ ಹೋದ ಸಿಗ್ನಲ್ ಮಾತ್ರ ತಕ್ಷಣ ತಲುಪಿಬಿಡುತ್ತೆ, ಹಾಗಾಗಿ ಅಲ್ಲಿ ನಿಂತವರಿಗೆ ಹತ್ತಿರದ ಸ್ಪೀಕರಿನ ಮಾತು ಮೊದಲು, ಸ್ಟೇಜಿನ ಮಾತು ಆಮೇಲೆ ಕೇಳಿಸಿ ಎಲ್ಲ ಎರಡೆರಡು ಸಲ ಆಗುತ್ತೆ, ಒಂದು ಪದಾನೂ ಅರ್ಥ ಆಗಲ್ಲ. ಹಿಂದಿನ ಜೋಡಿಗೆ ಅಷ್ಟು ಡಿಲೇ ಹಾಕಿ ಮೇಲೆ ಇನ್ನೊಂದು ಹತ್ತು ಹದಿನೈದು ಮಿಲಿಸೆಕೆಂಡ್ ಸೇರಿಸಿದ್ರೆ ಕಿವಿ ಎರಡನ್ನೂ ಸೇರಿಸ್ಕೊಂಡು ಮಾತು ಸ್ಟೇಜಿನಿಂದಾನೇ ಬರ್ತಿದೆ ಅಂದ್ಕೊಳ್ಳುತ್ತೆ, ಹೆಲ್ಮುಟ್ ಹಾಸ್ ಅನ್ನೋ ಜರ್ಮನ್ ವಿಜ್ಞಾನಿ 1949ರಲ್ಲೇ ಇದನ್ನ ತಮ್ಮ ಸಂಶೋಧನೆಯಲ್ಲಿ ತೋರಿಸಿದ್ರು, ಸೌಂಡಿನವರು ಇವತ್ತಿಗೂ ಹಾಸ್ ಎಫೆಕ್ಟ್ ಅಂತಾನೇ ಕರೆಯೋದು. ಮೈಕು ಸ್ಪೀಕರಿಗಿಂತ ಮುಂದೆ ಬಂದ್ರೆ ಕೀಂ ಅನ್ನೋ ಸದ್ದು ಬರುತ್ತೆ ಅನ್ನೋದು ನಿಮಗೆ ಗೊತ್ತಿರ್ಬೇಕು, ಜನರ ಮಧ್ಯೆ ಓಡಾಡೋ ನಿರೂಪಕರಿಗೆ ಇದನ್ನ ಮೊದಲೇ ಹೇಳಿ ಎಲ್ಲೆಲ್ಲಿ ಹೋಗಬಾರದು ಅಂತ ತೋರಿಸಿ.

ಟೈಮಿನ ವಿಷ್ಯಕ್ಕೆ ಬಂದ್ರೆ, ಒಂದೂವರೆ ಗಂಟೆ ಸಂಗೀತ ಕಛೇರಿ ಹಾಲ್‌ಗೆ ಸರಿ, ಇಲ್ಲಿಗೆ ಅಲ್ಲ. ಇಪ್ಪತ್ತು ನಿಮಿಷದ ಶೋ, ಅದನ್ನೇ ದಿನಕ್ಕೆ ಮೂರು ನಾಲ್ಕು ಸಲ. ಅದೇ ಶೋ ಮತ್ತೆ ಮಾಡಿದ್ರೆ ಜನ ಬೇಜಾರು ಮಾಡ್ಕೊಳ್ಳಲ್ವಾ ಅಂತ ಕಮಿಟಿಯಲ್ಲಿ ಯಾರಾದ್ರೂ ಕೇಳೇ ಕೇಳ್ತಾರೆ. ಮೇಳದಲ್ಲಿ ಜನ ಬದಲಾಗ್ತಾನೇ ಇರ್ತಾರೆ, ಎರಡು ಗಂಟೆ ಬಿಟ್ಟು ಬಂದವರಿಗೆ ಅದು ಹೊಸ ಶೋನೇ. ಇನ್ನೊಂದು ಸಲ ನೋಡೋರೂ ಇರ್ತಾರೆ, ಅವರು ಒಬ್ಬರೇ ಬರಲ್ಲ, ಇನ್ನೊಬ್ಬರನ್ನ ಕರ್ಕೊಂಡು ಬರ್ತಾರೆ. 1662ರ ಮೇ ತಿಂಗಳಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ನಿನಲ್ಲಿ ಇಟಲಿಯವನೊಬ್ಬನ ಬೊಂಬೆಯಾಟ ನೋಡಿದ್ದನ್ನ ಸ್ಯಾಮ್ಯುಯೆಲ್ ಪೀಪ್ಸ್ ಅನ್ನೋ ಅಧಿಕಾರಿ ತನ್ನ ದಿನಚರಿಯಲ್ಲಿ ಬರ್ಕೊಂಡಿದಾನೆ, ಮೊದಲ ಸಲ ನೋಡಿದ್ದು 9ನೇ ತಾರೀಖು, ಎರಡೇ ವಾರಕ್ಕೆ ಹೆಂಡತೀನ ಕರ್ಕೊಂಡು ಮತ್ತೆ ಅದೇ ಆಟಕ್ಕೆ ಹೋದ. ಮುನ್ನೂರೈವತ್ತು ವರ್ಷ ಆದ್ರೂ ಮನುಷ್ಯರು ಈ ವಿಷ್ಯದಲ್ಲಿ ಹಾಗೇ ಇದಾರೆ, ನಾನೇ ಎಷ್ಟೋ ಸಲ ನೋಡಿದೀನಿ, ಮಧ್ಯಾಹ್ನ ಒಬ್ಬಳೇ ಬೊಂಬೆಯಾಟ ನೋಡಿದ ಹುಡುಗಿ ಸಂಜೆ ಅಜ್ಜಿಯ ಕೈ ಹಿಡ್ಕೊಂಡು ಎಳೀತಾ ಬರ್ತಾಳೆ, ಈಗ ಬೊಂಬೆ ಬೀಳುತ್ತೆ ನೋಡು ಅಂತ ಮೊದಲೇ ಹೇಳಿಬಿಡ್ತಾಳೆ. ಅದಕ್ಕೇ ಶೋ ಟೈಮನ್ನ ಪ್ರವೇಶದ ಬಾಗಿಲಲ್ಲಿ, ಶೌಚಾಲಯದ ಹತ್ತಿರ, ಕುಡಿಯೋ ನೀರಿನ ಹತ್ತಿರ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ, ಮತ್ತು ಬರೆದ ಟೈಮಿಗೆ ಸರಿಯಾಗಿ ಶುರು ಮಾಡಿ, ಮುಂದೆ ನಾಲ್ಕೇ ಜನ ಇದ್ರೂ ಶುರು ಮಾಡಿ. ಜನ ಬರ್ಲಿ ಅಂತ ಕಾಯ್ತಾ ಕೂತ್ರೆ ಟೈಮಿಗೆ ಸರಿಯಾಗಿ ಬಂದ ಆ ನಾಲ್ಕು ಜನ, ನಿಮ್ಮ ಮೊದಲ ಹದಿನೈದರಲ್ಲಿ ನಾಲ್ಕು ಜನ, ಎದ್ದು ಹೋಗ್ತಾರೆ.

ಎರಡು ಕಡೆ ಒಂದೇ ಟೈಮಿಗೆ ಶೋ ಇಡ್ಬೇಡಿ. ಒಂದು ಮುಗಿದು ಹತ್ತು ನಿಮಿಷಕ್ಕೆ ಇನ್ನೊಂದು ಕಡೆ ಶುರುವಾಗ್ಲಿ, ಆಗ ಜನ ಮಳಿಗೆಗಳ ಮಧ್ಯೆ ನಡ್ಕೊಂಡು ಹೋಗ್ತಾರೆ, ಮಳಿಗೆಯವರಿಗೂ ವ್ಯಾಪಾರ. ಮಧ್ಯೆ ಸ್ವಲ್ಪ ಹೊತ್ತು ಏನೂ ಇಲ್ಲದ ನಿಶ್ಶಬ್ದಾನೂ ಇರ್ಲಿ, ಬೆಳಗ್ಗೆಯಿಂದ ರಾತ್ರಿ ತನಕ ರೆಕಾರ್ಡೆಡ್ ಹಾಡು ಹಾಕಿಟ್ರೆ ಲೈವ್ ಶುರುವಾಗಿದ್ದು ಯಾರ ಗಮನಕ್ಕೂ ಬರಲ್ಲ.

ಮಕ್ಕಳ ಕಾರ್ಯಕ್ರಮದ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳಲೇಬೇಕು ಯಾಕಂದ್ರೆ ಬಜೆಟ್ಟಿಗೆ ಇದರಷ್ಟು ಸಹಾಯ ಮಾಡೋದು ಇನ್ನೊಂದಿಲ್ಲ. ಮೂವತ್ತು ಮಕ್ಕಳ ಒಂದು ಗುಂಪು ಹಾಡಿದ್ರೆ ಅವರ ಮನೆಯವರೆಲ್ಲ ಬರ್ತಾರೆ, ಮುಂಚೆಯೇ ಬಂದು ಜಾಗ ಹಿಡೀತಾರೆ, ಆದ್ರೆ ತಮ್ಮ ಮಗುದು ಮುಗೀತಿದ್ದ ಹಾಗೆ ಫೋಟೋ ತೆಗೆದು ಹೊರಟು ಹೋಗ್ತಾರೆ. ಅದಕ್ಕೆ ನಾನು ಮಾಡೋದು ಹೀಗೆ, ಎರಡು ಮಕ್ಕಳ ಗುಂಪಿನ ಮಧ್ಯೆ ಹತ್ತು ನಿಮಿಷದ ಒಬ್ಬ ಒಳ್ಳೇ ಜಗ್ಲರ್ ಅಥವಾ ಮ್ಯಾಜಿಕ್ ಮಾಡೋರನ್ನ ಇಡ್ತೀನಿ, ಸ್ಟೇಜ್ ಮೇಲಲ್ಲ, ಕೆಳಗೆ ಜನರ ಮಧ್ಯೆ, ಮೊದಲ ಗುಂಪು ಇಳೀತಿದ್ದ ಹಾಗೇ ಒಂದು ಸೆಕೆಂಡ್ ಬಿಡದೆ ಶುರು. ಆ ಮಕ್ಕಳೇ ನೋಡೋಕೆ ಕೂತ್ಕೋತಾರೆ, ಅಪ್ಪ ಅಮ್ಮ ಹೊರಡೋ ಹಾಗಿಲ್ಲ, ಅಷ್ಟೊತ್ತಿಗೆ ಎರಡನೇ ಗುಂಪಿನವರ ಮನೆಯವರೂ ಬಂದು ಸೇರ್ಕೋತಾರೆ. ಜನ ಬದಲಾಗೋ ಗ್ಯಾಪ್ ಇದೆಯಲ್ಲ, ಮೇಳದ ಕಾರ್ಯಕ್ರಮಗಳು ಸಾಯೋದು ಅಲ್ಲೇ, ಸಾಮಾನು ಬದಲಾಯಿಸೋ ಐದು ನಿಮಿಷ ಖಾಲಿ ಬಿಟ್ರೆ ಅರ್ಧ ಗಂಟೆ ಕಟ್ಟಿದ ಗುಂಪು ಕರಗಿ ಹೋಗುತ್ತೆ.

ಇನ್ನು ಜನರನ್ನ ಆಟದಲ್ಲಿ ಸೇರಿಸ್ಕೊಳ್ಳೋದು. ಇಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ, ಯಾಕಂದ್ರೆ ಕೆಲವು ನಿರೂಪಕರು ಗುಂಪಿನಲ್ಲಿ ಸುಮ್ಮನೆ ನಿಂತವರ ಕೈ ಹಿಡಿದು ಎಳ್ಕೊಂಡು ಬಂದು ಅವರ ಬಟ್ಟೆ ಬಗ್ಗೆ, ಮೈ ಬಗ್ಗೆ, ಮಾತಿನ ಬಗ್ಗೆ ತಮಾಷೆ ಮಾಡಿ ಬೇರೆಯವರನ್ನ ನಗಿಸ್ತಾರೆ. ಆ ಒಬ್ಬರು ಮುಂದಿನ ವರ್ಷ ಬರಲ್ಲ, ಅದನ್ನ ನೋಡಿದ ಹತ್ತು ಜನ ಮೊದಲ ಸಾಲಿಗೆ ಇನ್ಯಾವತ್ತೂ ಬರಲ್ಲ, ನಮ್ಮನ್ನೂ ಎಳೆದ್ರೆ ಏನ್ಗತಿ ಅಂತ ಹಿಂದೇ ನಿಲ್ತಾರೆ. ಕಲಾವಿದರನ್ನ ಬುಕ್ ಮಾಡೋವಾಗಲೇ ಹೇಳಿಬಿಡಿ, ಯಾರನ್ನೂ ಅವಮಾನ ಮಾಡೋ ಹಾಗಿಲ್ಲ ಅಂತ. ಜನ ಭಾಗವಹಿಸೋದು ಮೆಟ್ಟಿಲು ಮೆಟ್ಟಿಲಾಗಿ ಆಗ್ಬೇಕು. ಮೊದಲು ಎಲ್ಲರೂ ಒಟ್ಟಿಗೆ ಮಾಡೋ ಸಣ್ಣದು, ಒಂದು ಚಪ್ಪಾಳೆ, ಅದರಲ್ಲಿ ಯಾರಿಗೂ ಮುಜುಗರ ಇಲ್ಲ. ಆಮೇಲೆ ಬಾಯಿಂದ ಒಂದು ಸದ್ದು, ಕಲಾವಿದರು ಒಂದು ಸಾಲು ಹಾಡಿದ್ರೆ ಜನ ಅದನ್ನ ತಿರುಗಿ ಹಾಡೋದು. ಆಮೇಲೆ ಎಡಗಡೆಯವರು ಒಂದು, ಬಲಗಡೆಯವರು ಇನ್ನೊಂದು. ಇಷ್ಟೆಲ್ಲ ಆದ ಮೇಲೇ ಒಬ್ಬರನ್ನ ಮುಂದೆ ಕರೆಯೋದು, ಅದೂ ಕೈ ಎತ್ತಿದವರನ್ನ ಮಾತ್ರ. ಮಗು ಆದ್ರೆ ಮೊದಲು ಮನೆಯವರ ಕಡೆ ನೋಡಿ ಒಪ್ಪಿಗೆ ತಗೊಂಡು, ತುಂಬ ಕುಣಿದಾಡ್ತಿರೋ ಮಗುಗಿಂತ ಕಣ್ಣರಳಿಸಿ ಸುಮ್ಮನೆ ಕೈ ಎತ್ತಿರೋ ಮಗುನ ಆರಿಸಿ, ಹೆಸರು ಕೇಳಿ, ಆ ಹೆಸರನ್ನ ಎಲ್ಲರಿಗೂ ಹೇಳಿ, ಕೆಲಸ ಮುಗಿದ ಮೇಲೆ ಚಪ್ಪಾಳೆ ಹೊಡೆಸಿ ವಾಪಸ್ ಅಮ್ಮನ ಹತ್ತಿರ ತಲುಪಿಸ್ಬೇಕು. ಮ್ಯಾಜಿಕ್ ಅದ್ಭುತ ಅನ್ನಿಸೋದು ಮ್ಯಾಜಿಕ್ ಮಾಡೋರ ಕೈಯಲ್ಲಿ ಆದಾಗ ಅಲ್ಲ, ಆ ಮಗುವಿನ ಮುಚ್ಚಿದ ಮುಷ್ಟಿಯೊಳಗೆ ಆದಾಗ.

ನಿರೂಪಕರು ಕಮ್ಮಿ ಮಾತಾಡ್ಲಿ. ಯಾಕ್ರೀ ಇಷ್ಟು ಜನಾನೇ ಬಂದಿದೀರ, ಚಪ್ಪಾಳೆ ಸಾಲದು, ಜೋರಾಗಿ ಅಂತ ಬಂದವರನ್ನೇ ಬೈಯೋ ನಿರೂಪಣೆ ಬೇಡವೇ ಬೇಡ. ಪ್ರಾಯೋಜಕರ ಹೆಸರು, ಗಣ್ಯರ ಮಾತು ಎಲ್ಲ ಬೇಕೇ ಬೇಕು ಅಂದ್ರೆ ಶೋ ಶುರುವಾಗೋ ಮುಂಚೆ ಇಡ್ಬೇಡಿ, ಆಗ ಗುಂಪೇ ಇರಲ್ಲ. ಶೋ ಮಧ್ಯೆ ಜನ ಚೆನ್ನಾಗಿ ಸೇರಿದಾಗ ಎರಡು ನಿಮಿಷ, ಹಿಂದೇನೇ ಮುಂದಿನ ಆಟ.

ವಿಲಿಯಂ ವೈಟ್ ಅನ್ನೋರು 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳಲ್ಲಿ ಜನ ಹೇಗೆ ಕೂರ್ತಾರೆ ನಿಲ್ತಾರೆ ಅಂತ ಕ್ಯಾಮೆರಾ ಇಟ್ಟು ವರ್ಷಗಟ್ಟಲೆ ಗಮನಿಸಿದ್ರು, ಬೀದಿ ಕಲಾವಿದರು ಇರೋ ಕಡೆ ಪರಿಚಯಾನೇ ಇಲ್ಲದ ಇಬ್ಬರು ಒಬ್ಬರಿಗೊಬ್ಬರು ಮಾತಾಡೋಕೆ ಶುರು ಮಾಡ್ತಾರೆ ಅನ್ನೋದನ್ನ ಕಂಡ್ಕೊಂಡ್ರು. ಸಮುದಾಯ ಮೇಳ ಅನ್ನೋದು ಇರೋದೇ ಅದಕ್ಕೆ ಅಲ್ವಾ. ಸ್ಟೇಜ್ ಕಲಾವಿದರೇ ಆಗ್ಬೇಕು ಅಂತಾನೂ ಇಲ್ಲ, ತಿಗರಿ ತಿರುಗಿಸಿ ಮಡಕೆ ಮಾಡೋರು, ಬುಟ್ಟಿ ಹೆಣೆಯೋರು, ಕಣ್ಮುಂದೆ ಚಿತ್ರ ಬರೆಯೋರು ಮಳಿಗೆಯಲ್ಲೇ ಕೂತು ಕೆಲಸ ಮಾಡಿದ್ರೆ ಅದೂ ಲೈವೇ, ಅಲ್ಲೂ ಜನ ನಿಲ್ತಾರೆ, ಖರ್ಚೂ ಇಲ್ಲ. ಮಡಕೆಯ ಅಂಚು ಮೇಲೇಳೋ ಆ ಕ್ಷಣಕ್ಕೆ ದೊಡ್ಡವರೂ ಉಸಿರು ಬಿಗಿ ಹಿಡ್ಕೊಂಡು ನಿಲ್ಲೋದನ್ನ ನೋಡಿದೀನಿ.

ಸುರಕ್ಷತೆ ಮಾತ್ರ ಹಗುರವಾಗಿ ತಗೋಬೇಡಿ. 2011ರ ಆಗಸ್ಟ್ 13ರಂದು ಅಮೆರಿಕದ ಇಂಡಿಯಾನಾ ರಾಜ್ಯದ ಮೇಳದಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಸ್ವಲ್ಪ ಮುಂಚೆ ಜೋರು ಗಾಳಿಗೆ ಸ್ಟೇಜಿನ ಮೇಲ್ಚಾವಣಿ ಕುಸಿದು 7 ಜನ ಸತ್ತರು. ಬಿರುಗಾಳಿ ಬರ್ತಿದೆ ಅಂತ ಮುನ್ಸೂಚನೆ ಇತ್ತು, ಕಾರ್ಯಕ್ರಮ ನಿಲ್ಲಿಸಿ ಜನರನ್ನ ಕಳಿಸೋ ಅಧಿಕಾರ ಯಾರಿಗೆ ಅನ್ನೋದು ಸ್ಪಷ್ಟವಾಗಿರಲಿಲ್ಲ ಅಂತ ಆಮೇಲೆ ತನಿಖೆಯಲ್ಲಿ ಬಂತು. ಇದನ್ನ ಓದಿದಾಗಿನಿಂದ ನಾನು ಯಾವ ಮೇಳಕ್ಕೆ ಹೋದ್ರೂ ಮೊದಲು ಕೇಳೋದು, ನಿಲ್ಲಿಸಿ ಅಂತ ಹೇಳೋ ಒಬ್ಬ ವ್ಯಕ್ತಿ ಯಾರು, ಅವರ ಮಾತನ್ನ ಯಾರೂ ಪ್ರಶ್ನೆ ಮಾಡಬಾರದು ಅನ್ನೋದು ಎಲ್ಲರಿಗೂ ಗೊತ್ತಾ ಅಂತ. ಎಷ್ಟು ಗಾಳಿ ತನಕ ತಡೆಯುತ್ತೆ ಅಂತ ಸ್ಟೇಜ್ ಹಾಕೋರಿಂದ ಬರೆಸ್ಕೊಳ್ಳಿ, ಗಾಳಿ ಅಳೆಯೋ ಸಣ್ಣ ಮೀಟರ್ ಒಂದು ಕೈಯಲ್ಲಿರ್ಲಿ. ಜನಸಂದಣಿ ಒಂದು ಚದರ ಮೀಟರಿಗೆ ನಾಲ್ಕು ಜನರ ಹತ್ತಿರ ಬಂತು ಅಂದ್ರೆ ಒಳಗೆ ಬರೋರನ್ನ ತಡೀರಿ, ಐದು ದಾಟಿದ್ರೆ ಜನರಿಗೆ ತಮ್ಮ ಕಾಲ ಮೇಲೆ ತಮಗೇ ಹಿಡಿತ ಇರಲ್ಲ. ಸಣ್ಣ ಸಣ್ಣ ಅಂಗಳಗಳಲ್ಲಿ ಹಂಚಿ ಹಾಕೋದರ ಇನ್ನೊಂದು ಲಾಭ ಇದು, ಎಲ್ಲರೂ ಒಂದೇ ಕಡೆ ನುಗ್ಗಲ್ಲ. ಬೆಂಕಿ ಆಟ ಇದ್ರೆ ಸ್ಥಳೀಯ ಅನುಮತಿ, ಸುತ್ತ ಸಾಕಷ್ಟು ದೂರ, ಕೈಯಲ್ಲಿ ಬೆಂಕಿ ನಂದಿಸೋ ಸಾಧನ ಹಿಡಿದ ಒಬ್ಬರು ಇರ್ಲೇಬೇಕು. ವೈರುಗಳ ಮೇಲೆ ಹೊದಿಕೆ, ಕಳೆದುಹೋದ ಮಕ್ಕಳಿಗೆ ಒಂದು ಗುರುತಿನ ಜಾಗ, ಇವೆಲ್ಲ ನಿಮಗೆ ಗೊತ್ತಿರೋದೇ.

ಕಲಾವಿದರಿಗೆ ನೆರಳು, ನೀರು, ಬಟ್ಟೆ ಬದಲಾಯಿಸೋಕೆ ಬಾಗಿಲಿರೋ ಒಂದು ರೂಮು, ಶೋಗಳ ಮಧ್ಯೆ ಕನಿಷ್ಠ ನಲವತ್ತು ನಿಮಿಷ ವಿಶ್ರಾಂತಿ, ಮತ್ತು ಒಪ್ಕೊಂಡ ದುಡ್ಡು ಅವತ್ತೇ ಕೈಗೆ. ಹೆಸರು ಬರುತ್ತೆ ಬನ್ನಿ ಅಂತ ಪುಕ್ಕಟೆ ಕರೀಬೇಡಿ. ಮಧ್ಯಾಹ್ನದ ಶೋಗೆ ಸುಸ್ತಾಗಿ ಬಂದ ಕಲಾವಿದರ ಮುಖ ಜನರಿಗೆ ಇಪ್ಪತ್ತು ಅಡಿ ದೂರದಿಂದ ಕಾಣುತ್ತೆ.

ಹಾಗಾದ್ರೆ ಅದೇ ಬಜೆಟ್ಟಿನಲ್ಲಿ ನಿಮ್ಮ ಎರಡು ದಿನ ಹೇಗಿರ್ಬಹುದು ಅಂತ ಹೇಳ್ತೀನಿ. ದೊಡ್ಡ ಸ್ಟೇಜು, ದೊಡ್ಡ ಸೌಂಡು, ಕುರ್ಚಿ ಬಾಡಿಗೆ ಇವುಗಳಲ್ಲಿ ಉಳಿಯೋ ದುಡ್ಡಿನಲ್ಲಿ ಎರಡು ಸಣ್ಣ ಅಂಗಳ, ಮೂರು ನಾಲ್ಕು ಜನ ಸಣ್ಣ ಕಲಾವಿದರು, ಪ್ರವೇಶದ ಹತ್ತಿರ ಬೆಳಗ್ಗೆಯಿಂದ ಓಡಾಡ್ತಾ ಇರೋ ಮರಗಾಲಿನವರೋ ತಾಳ ಬಡಿಯೋರೋ ಒಬ್ಬಿಬ್ಬರು. ಪ್ರತಿ ಶೋಗೆ ಒಬ್ಬ ಸ್ವಯಂಸೇವಕರು ಶುರುವಿನಲ್ಲಿ, ಮಧ್ಯದಲ್ಲಿ, ಕೊನೇಲಿ ಎಷ್ಟು ಜನ ಇದ್ರು ಅಂತ ಒಂದು ಹಾಳೇಲಿ ಬರೀಲಿ. ಮಧ್ಯಕ್ಕಿಂತ ಕೊನೇಲಿ ಜಾಸ್ತಿ ಇದ್ರೆ ಆ ಕಲಾವಿದರನ್ನ ಬಿಡ್ಬೇಡಿ, ಶುರುವಿನಲ್ಲೇ ಕಮ್ಮಿ ಇದ್ರೆ ಅದು ಕಲಾವಿದರ ಸಮಸ್ಯೆ ಅಲ್ಲ, ಜಾಗದ್ದೋ ಟೈಮಿಂದೋ ಸಮಸ್ಯೆ, ಎರಡನೇ ದಿನಕ್ಕೇ ಬದಲಾಯಿಸಿ.

ಮತ್ತೆ, ಕಳೆದ ಸಲ ಬೇಜಾರು ಮಾಡ್ಕೊಂಡು ಹೋದ್ರಲ್ಲ ಆ ಬ್ಯಾಂಡು, ಅವರನ್ನೇ ಕರೀರಿ. ಒಂದೂವರೆ ಗಂಟೆ ಬದಲು ಇಪ್ಪತ್ತು ಇಪ್ಪತ್ತು ನಿಮಿಷದ ಮೂರು ಸಲ ನುಡಿಸಿ ಅನ್ನಿ, ದಾರಿ ಕೂಡೋ ಜಾಗದ ಪಕ್ಕ, ಸಣ್ಣ ಸ್ಪೀಕರಿನಲ್ಲಿ, ಸಾಧ್ಯ ಆದ್ರೆ ಮೊದಲ ಹಾಡನ್ನ ಮೈಕೇ ಇಲ್ಲದೆ ಜನರ ಮಧ್ಯೆ ನಿಂತು. ಆಗ ಕಮಿಟಿಯವರು ಒಂದು ಹದಿನೈದು ಜನ ಬ್ಯಾಡ್ಜು ತೆಗೆದಿಟ್ಟು, ವಾಕಿಟಾಕಿ ಬೇರೆಯವರಿಗೆ ಕೊಟ್ಟು, ಮನೆಯವರನ್ನ ಮಕ್ಕಳನ್ನ ಕರ್ಕೊಂಡು ಹೋಗಿ ಮುಂದೆ ಭುಜಕ್ಕೆ ಭುಜ ತಾಗೋ ಹಾಗೆ ನಿಂತ್ಕೊಳ್ಳಿ, ಮೊದಲ ಎರಡು ಹಾಡು ಮುಗಿಯೋ ತನಕ ಅಲ್ಲಿಂದ ಅಲ್ಲಾಡ್ಬೇಡಿ.